ದೂರು ಕೊಟ್ಟು ಸುಮ್ಮನಾಗಬೇಡಿ: ನಾಲ್ಕು ತಾಲ್ಲೂಕಿನ ಜನರಲ್ಲಿ ಒಂದು ಮನವಿ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಬಂಧುಗಳೇ,

ಟಿ.ವಿ. ಚಾನೆಲ್ಲುಗಳ ಮೇಲೆ, ಪತ್ರಿಕೆಗಳ ಮೇಲೆ ನಮ್ಮ ಜನಕ್ಕಿರುವ ಸಿಟ್ಟು ಇವತ್ತಿನದಲ್ಲ. ರೇಷ್ಮೆ ಗೂಡಿನ ಮಾರುಕಟ್ಟೆಯ ಎದುರಿನ ಟೀ ಅಂಗಡಿಯಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆ ಮನೆಯ ಊಟದ ಪಂಕ್ತಿಯಲ್ಲಿ ಆ ಮಾತು ಬಂದೇ ಬರುತ್ತದೆ. 'ದುಡ್ಡು ಕೊಟ್ಟವರದ್ದೇ ಸುದ್ದಿ', 'ಇವರನ್ನ ಯಾರು ಕೇಳ್ತಾರೆ', 'ತನಿಖೆ ಅಂತಾರೆ, ಆಮೇಲೆ ಎಲ್ಲ ತಣ್ಣಗಾಗುತ್ತೆ.' ಈ ಸಿಟ್ಟು ನ್ಯಾಯವಾದದ್ದು. ಆದರೆ ಅದು ಮಾತಿನಲ್ಲೇ ಕರಗಿಹೋಗುತ್ತಿದೆ. ಅದನ್ನು ಕಾಗದಕ್ಕೆ ಇಳಿಸಿ, ತಾರೀಖು ಹಾಕಿ, ಸಹಿ ಮಾಡಿ, ಉತ್ತರ ಬರುವ ತನಕ ಬೆನ್ನು ಬಿಡಬೇಡಿ ಎಂದು ಕೇಳಿಕೊಳ್ಳಲು ಈ ಮನವಿ ಬರೆಯುತ್ತಿದ್ದೇನೆ.

2020ರ ಏಪ್ರಿಲ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಲಾಕ್‌ಡೌನ್ ಕಾಲ. ಹೊರಗೆ ಹೋಗುವಂತಿಲ್ಲ, ಮನೆಯೊಳಗೆ ಇಡೀ ದಿನ ಟಿ.ವಿ. ದೆಹಲಿಯ ನಿಜಾಮುದ್ದೀನ್ ಮರ್ಕಜ್‌ನಲ್ಲಿ ಸೇರಿದ್ದವರಲ್ಲಿ ಸೋಂಕು ಕಂಡದ್ದು ನಿಜ, ಅದನ್ನು ವರದಿ ಮಾಡಬೇಕಾದದ್ದೂ ಸರಿ. ಆದರೆ ಆ ವಾರಗಳಲ್ಲಿ ಹಲವು ಚಾನೆಲ್ಲುಗಳು ವರದಿಯ ಗಡಿ ದಾಟಿದವು. ಒಂದು ಸಮುದಾಯವೇ ಬೇಕೆಂದು ರೋಗ ಹಂಚುತ್ತಿದೆ ಎಂಬ ಭಾವನೆಯನ್ನು ಬೆಳಗಿನಿಂದ ರಾತ್ರಿಯವರೆಗೆ ಬಿತ್ತಿದವು. ಮುಸ್ಲಿಂ ವ್ಯಾಪಾರಿಗಳಿಂದ ಹಣ್ಣು ತರಕಾರಿ ಕೊಳ್ಳಬೇಡಿ, ಅವರನ್ನು ಊರೊಳಗೆ ಬಿಡಬೇಡಿ ಎಂಬ ಸಂದೇಶಗಳು ರಾಜ್ಯದ ಹಲವೆಡೆ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿದವು. ಇಡೀ ಸಮುದಾಯದ ಮೇಲೆ ಗೂಬೆ ಕೂರಿಸಿದರೆ ಕ್ರಮ ಕೈಗೊಳ್ಳುವುದಾಗಿ ಆಗಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪನವರೇ ಎಚ್ಚರಿಸಬೇಕಾಯಿತು.

ಅದೇ ತಿಂಗಳು ಆ ಬಿಸಿ ನಮ್ಮ ಊರಿಗೂ ತಟ್ಟಿತು. ಏಪ್ರಿಲ್ 19ರ ರಾತ್ರಿ ಬೆಂಗಳೂರಿನ ಪಾದರಾಯನಪುರದಲ್ಲಿ ಕ್ವಾರಂಟೈನ್‌ಗೆ ಕರೆದೊಯ್ಯಲು ಹೋದ ಸಿಬ್ಬಂದಿಯ ಮೇಲೆ ಗಲಾಟೆ ನಡೆಯಿತು. ಬಂಧಿತರಾದ ನೂರಕ್ಕೂ ಹೆಚ್ಚು ಜನರನ್ನು ರಾಮನಗರದ ಜೈಲಿಗೆ ತಂದು ಹಾಕಿದರು. ಆಗ ರಾಮನಗರ ಜಿಲ್ಲೆಯಲ್ಲಿ ಒಂದೂ ಸೋಂಕಿನ ಪ್ರಕರಣ ಇರಲಿಲ್ಲ. ಎಚ್.ಡಿ. ಕುಮಾರಸ್ವಾಮಿಯವರು ಸ್ಥಳಾಂತರವನ್ನು ಬಲವಾಗಿ ವಿರೋಧಿಸಿದರು. ಕೆಲವೇ ದಿನಗಳಲ್ಲಿ ಆ ಕೈದಿಗಳಲ್ಲಿ ಕೆಲವರಿಗೆ ಸೋಂಕು ಖಚಿತವಾಗಿ, ಎಲ್ಲರನ್ನೂ ಬೆಂಗಳೂರಿಗೆ ವಾಪಸು ಕಳಿಸಬೇಕಾಯಿತು. ಪತ್ರಕರ್ತರು ಕೇಳಬೇಕಿದ್ದ ಪ್ರಶ್ನೆ ಸರಳವಾಗಿತ್ತು. ಸೋಂಕು ಇದೆಯೇ ಇಲ್ಲವೇ ಎಂಬುದು ಗೊತ್ತಾಗುವ ಮುನ್ನ ನೂರಕ್ಕೂ ಹೆಚ್ಚು ಜನರನ್ನು ಸೋಂಕಿಲ್ಲದ ಜಿಲ್ಲೆಗೆ ಸಾಗಿಸುವ ತೀರ್ಮಾನ ಯಾರದು? ಜೈಲಿನ ಸಿಬ್ಬಂದಿಯ ಗತಿ ಏನು? ಆಡಳಿತವನ್ನು ಕೇಳಬೇಕಿದ್ದ ಈ ಪ್ರಶ್ನೆಯನ್ನು ಧರ್ಮದ ಗದ್ದಲ ಮುಚ್ಚಿಹಾಕಿತು.

ಇಂಥ ಗದ್ದಲದ ಪೆಟ್ಟು ನಮ್ಮಲ್ಲಿ ಎಲ್ಲಿಗೆ ಬೀಳುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಹಿಪ್ಪುನೇರಳೆ ಬೆಳೆದು, ಹುಳ ಸಾಕಿ, ಗೂಡು ತರುವವರು ಬಹುಮಟ್ಟಿಗೆ ಹಳ್ಳಿಯ ರೈತರು. ಆ ಗೂಡನ್ನು ಹರಾಜಿನಲ್ಲಿ ಕೂಗಿ ಕೊಂಡು ನೂಲು ತೆಗೆಯುವ ರೀಲರ್‌ಗಳಲ್ಲಿ ಬಹುಪಾಲು ಪಟ್ಟಣದ ಮುಸ್ಲಿಮರು. ಚನ್ನಪಟ್ಟಣದ ಬೊಂಬೆ ತಿರುಗಿಸುವ ಕೈಗಳಲ್ಲೂ ಎರಡೂ ಕಡೆಯವರಿದ್ದಾರೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಗೂಡಿನ ಮಾರುಕಟ್ಟೆ ನಿಂತಿರುವುದೇ ಒಬ್ಬರ ಮೇಲೊಬ್ಬರಿಗಿರುವ ನಂಬಿಕೆಯ ಮೇಲೆ. ಬೆಂಗಳೂರಿನ ಸ್ಟುಡಿಯೊದಲ್ಲಿ ಕೂತು ಆಡಿದ ಮಾತು ಇಲ್ಲಿ ಲಾಟಿನ ಬೆಲೆಯನ್ನೂ ತಗ್ಗಿಸಬಲ್ಲದು, ಮನೆಯ ಅನ್ನವನ್ನೂ ಕಸಿಯಬಲ್ಲದು.

ಆ ಪ್ರಸಾರಗಳ ವಿರುದ್ಧ ಬೆಂಗಳೂರಿನ 'ಕ್ಯಾಂಪೇನ್ ಅಗೇನ್ಸ್ಟ್ ಹೇಟ್ ಸ್ಪೀಚ್' ಎಂಬ ನಾಗರಿಕರ ಗುಂಪು ಸುದ್ದಿ ಪ್ರಸಾರಕರ ಸ್ವನಿಯಂತ್ರಣ ಪ್ರಾಧಿಕಾರಕ್ಕೆ ದೂರು ಕೊಟ್ಟಿತು. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಕೆ. ಸಿಕ್ರಿ ಆಗ ಆ ಪ್ರಾಧಿಕಾರದ ಅಧ್ಯಕ್ಷರಾಗಿದ್ದರು. ಆದೇಶ ಬಂದದ್ದು 2021ರ ಜೂನ್‌ನಲ್ಲಿ. ನ್ಯೂಸ್18 ಕನ್ನಡಕ್ಕೆ 1 ಲಕ್ಷ ರೂಪಾಯಿ ದಂಡ ಮತ್ತು ಪ್ರಸಾರದಲ್ಲೇ ಕ್ಷಮೆ, ಸುವರ್ಣ ನ್ಯೂಸ್‌ಗೆ 50 ಸಾವಿರ ದಂಡ, ಟೈಮ್ಸ್ ನೌಗೆ ಛೀಮಾರಿ. ಈ ಆದೇಶವನ್ನು ಗೌರವದಿಂದ ನೆನೆಯುತ್ತೇನೆ. ಹಟ ಹಿಡಿದು ಬರೆದವರಿಗೆ ಉತ್ತರ ಸಿಗುತ್ತದೆ ಎಂಬುದಕ್ಕೆ ಕನ್ನಡದಲ್ಲೇ ಸಿಕ್ಕ ಸಾಕ್ಷಿ ಅದು.

ಆದರೆ ಅದೇ ಆದೇಶ ನಮ್ಮ ವ್ಯವಸ್ಥೆಯ ಬಡತನವನ್ನೂ ತೋರಿಸುತ್ತದೆ. ವಿಷ ಹರಡಲು ಒಂದು ವಾರ ಸಾಕಾಯಿತು, ಅದು ತಪ್ಪೆಂದು ಹೇಳಲು ಒಂದು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು. ದಂಡದ ಹಣ ಹೋದದ್ದು ವ್ಯಾಪಾರ ಕಳೆದುಕೊಂಡ ಬೀದಿ ವ್ಯಾಪಾರಿಗಲ್ಲ, ಚಾನೆಲ್ಲುಗಳ ಸಂಘಕ್ಕೇ. ಕೋಟಿಗಟ್ಟಲೆ ಜಾಹೀರಾತು ಬರುವ ಉದ್ಯಮಕ್ಕೆ 1 ಲಕ್ಷ ರೂಪಾಯಿ ಯಾವ ಲೆಕ್ಕ? 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಇದೇ ಮಾತು ಆಡಿತು. ಕಾರ್ಯಕ್ರಮದಿಂದ ಬರುವ ಲಾಭಕ್ಕೆ ತಕ್ಕಂತೆ ದಂಡ ಇರಬೇಕಲ್ಲವೇ ಎಂದು ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಕೇಳಿದರು.

ಮುಕ್ತಾಯ ಕಂಡ ದೂರಿನ ಕತೆ ಇದು. ಮುಕ್ತಾಯ ಕಾಣದವು ಇನ್ನೂ ಇವೆ.

2022ರ ದೀಪಾವಳಿಯನ್ನು ನೆನೆಯಿರಿ. ಮುಖ್ಯಮಂತ್ರಿ ಕಚೇರಿಯ ಕಡೆಯಿಂದ ಕೆಲವು ಪತ್ರಕರ್ತರ ಮನೆಗೆ ಹೋದ ಸಿಹಿಯ ಪೊಟ್ಟಣದಲ್ಲಿ ಲಕ್ಷದ ಲೆಕ್ಕದ ನಗದು ಇತ್ತು ಎಂಬ ಸುದ್ದಿ ಹೊರಬಂತು. ಹಣ ಕಂಡ ಕೂಡಲೇ ಹಿಂದಿರುಗಿಸಿದ ಪತ್ರಕರ್ತರಿದ್ದರು. ಅವರಿಗೆ ಈ ನಾಡು ಕೃತಜ್ಞವಾಗಿರಬೇಕು. ಮುಖ್ಯಮಂತ್ರಿಯಾಗಿದ್ದ ಬಸವರಾಜ ಬೊಮ್ಮಾಯಿಯವರು ತಾವು ಅಂಥ ಸೂಚನೆ ಕೊಟ್ಟಿಲ್ಲ ಎಂದರು. ಜನಾಧಿಕಾರ ಸಂಘರ್ಷ ಪರಿಷತ್ತು ಲೋಕಾಯುಕ್ತಕ್ಕೆ ದೂರು ಕೊಟ್ಟಿತು. ವಿರೋಧ ಪಕ್ಷವಾಗಿದ್ದ ಕಾಂಗ್ರೆಸ್ ನ್ಯಾಯಾಂಗ ತನಿಖೆಗೆ ಒತ್ತಾಯಿಸಿತು, 2023ರ ಮೇ ತಿಂಗಳಲ್ಲಿ ಅದೇ ಪಕ್ಷ ಅಧಿಕಾರಕ್ಕೂ ಬಂತು. ಆ ದೂರು ಯಾವ ಹಂತ ಮುಟ್ಟಿತು, ಯಾರು ತೆಗೆದುಕೊಂಡರು, ಯಾರು ಕೊಟ್ಟರು ಎಂಬುದನ್ನು ನಿಮ್ಮಲ್ಲಿ ಎಷ್ಟು ಜನ ಓದಿದ್ದೀರಿ? ದೂರು ಮುಖಪುಟದಲ್ಲಿ ಬಂತು, ಮುಂದಿನ ಕತೆ ಒಳಪುಟದಲ್ಲೂ ಕಾಣಲಿಲ್ಲ.

ಅದಕ್ಕೂ ಹಿಂದೆ, 2011ರ ಜುಲೈನಲ್ಲಿ, ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರು ಬಳ್ಳಾರಿ ಗಣಿ ವರದಿ ಕೊಟ್ಟಾಗ ಮುಖ್ಯಮಂತ್ರಿಯೇ ಕುರ್ಚಿ ಬಿಡಬೇಕಾಯಿತು. ಅದೇ ವರದಿಯ ದಾಖಲೆಗಳಲ್ಲಿ ಪತ್ರಕರ್ತರಿಗೆ ಹಣ ಸಂದಾಯವಾಗಿದೆ ಎನ್ನಲಾದ ನಮೂದುಗಳೂ ಇದ್ದವು. ರಾಜಕಾರಣಿಗಳು ಮೆಟ್ಟಿಲು ಹತ್ತಿದ ಕೋರ್ಟುಗಳ ಸುದ್ದಿಯನ್ನು ವರ್ಷಗಟ್ಟಲೆ ಓದಿದೆವು. ಆ ನಮೂದುಗಳ ಕತೆ ಮಾತ್ರ ಮುಂದೆ ಸಾಗಲಿಲ್ಲ.

ರಾಜ್ಯದ ಹೊರಗೂ ಹೀಗೆಯೇ. 2009ರ ಲೋಕಸಭಾ ಚುನಾವಣೆಯ ನಂತರ ಕಾಸಿಗೆ ಸುದ್ದಿ ಮಾರುವ ದಂಧೆಯ ಬಗ್ಗೆ ಭಾರತೀಯ ಪತ್ರಿಕಾ ಮಂಡಳಿ ಉಪಸಮಿತಿ ಮಾಡಿತು. ಸಂಸ್ಥೆಗಳ ಹೆಸರಿದ್ದ ಪೂರ್ಣ ವರದಿಯನ್ನು 2010ರಲ್ಲಿ ಮಂಡಳಿಯೇ ಬದಿಗಿಟ್ಟು, ಮೊಟಕುಗೊಳಿಸಿದ ವರದಿ ಹೊರಡಿಸಿತು. ಪೂರ್ಣ ವರದಿ ಜನರ ಕೈಗೆ ಬರಲು 2011ರಲ್ಲಿ ಕೇಂದ್ರ ಮಾಹಿತಿ ಆಯೋಗ ಹೇಳಬೇಕಾಯಿತು. ಕಾಸಿನ ಸುದ್ದಿಯನ್ನು ಚುನಾವಣಾ ಅಪರಾಧ ಎಂದು ಘೋಷಿಸಿ ಎಂದು ಕಾನೂನು ಆಯೋಗ 2015ರಲ್ಲಿ ತನ್ನ 255ನೇ ವರದಿಯಲ್ಲಿ ಶಿಫಾರಸು ಮಾಡಿತು. 2020ರ ಅಕ್ಟೋಬರ್‌ನಲ್ಲಿ ಮುಂಬೈ ಪೊಲೀಸರು ಟಿಆರ್‌ಪಿ ಹಗರಣ ಬಯಲಿಗೆಳೆದೆವು ಎಂದು ಅಬ್ಬರದಿಂದ ಹೇಳಿದರು, ಸುದ್ದಿ ಚಾನೆಲ್ಲುಗಳ ರೇಟಿಂಗ್ ಒಂದೂವರೆ ವರ್ಷದಷ್ಟು ಕಾಲ ನಿಂತಿತು, ಕೊನೆಗೆ ಆ ಪ್ರಕರಣವನ್ನು ಸರ್ಕಾರವೇ ವಾಪಸು ಪಡೆಯಿತು. ಆರೋಪ ಸುಳ್ಳಾಗಿದ್ದರೆ ಹಾಗೆಂದು ತೀರ್ಪು ಬರಬೇಕಿತ್ತು, ನಿಜವಾಗಿದ್ದರೆ ಶಿಕ್ಷೆಯಾಗಬೇಕಿತ್ತು. ಎರಡೂ ಆಗಲಿಲ್ಲ.

ಯಾಕೆ ಹೀಗೆ? ಪತ್ರಿಕಾ ಮಂಡಳಿಗೆ 1978ರ ಕಾಯ್ದೆ ಕೊಟ್ಟಿರುವುದು ಎಚ್ಚರಿಸುವ, ಖಂಡಿಸುವ, ಛೀಮಾರಿ ಹಾಕುವ ಅಧಿಕಾರ ಮಾತ್ರ. ದಂಡ ಹಾಕುವಂತಿಲ್ಲ, ಟಿ.ವಿ. ಅದರ ವ್ಯಾಪ್ತಿಗೇ ಬರುವುದಿಲ್ಲ. ಟಿ.ವಿ.ಗೆ ಇರುವ ಪ್ರಾಧಿಕಾರ ಚಾನೆಲ್ಲುಗಳೇ ಕಟ್ಟಿಕೊಂಡದ್ದು. ಇನ್ನು ಸರ್ಕಾರಕ್ಕೆ ಮಾಧ್ಯಮ ಸಂಸ್ಥೆಗಳ ತನಿಖೆ ಮಾಡುವ ಮನಸ್ಸು ಬರುವುದು ಆ ಸಂಸ್ಥೆ ತನ್ನ ವಿರುದ್ಧ ಬರೆದಾಗ, ಮನಸ್ಸು ಹೋಗುವುದು ಅದೇ ಸಂಸ್ಥೆ ತನ್ನ ಜಾಹೀರಾತು ತೆಗೆದುಕೊಂಡಾಗ. ಒಡೆತನದ ನಂಟು ಬೇರೆ. ರಾಮನಗರದ ಶಾಸಕಿಯಾಗಿದ್ದ ಅನಿತಾ ಕುಮಾರಸ್ವಾಮಿಯವರ ಕುಟುಂಬ ಕಸ್ತೂರಿ ವಾಹಿನಿ ಕಟ್ಟಿತು. ಬಳ್ಳಾರಿಯ ಗಣಿ ರಾಜಕಾರಣದಿಂದ ಜನಶ್ರೀ ಬಂತು. ಸುವರ್ಣ ನ್ಯೂಸ್ ರಾಜೀವ್ ಚಂದ್ರಶೇಖರ್ ಅವರ ಸಮೂಹದ್ದಾಯಿತು. ನೆಟ್‌ವರ್ಕ್18 ಸಮೂಹ 2014ರಲ್ಲಿ ರಿಲಯನ್ಸ್ ತೆಕ್ಕೆಗೆ ಹೋಯಿತು. ಚಾನೆಲ್ ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ತನಿಖೆ ಮಾಡಿಸಬೇಕಾದವರೂ ತನಿಖೆಗೆ ಒಳಗಾಗಬೇಕಾದವರೂ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿರುವಾಗ ಬಡಿಸುವವರನ್ನು ಕೇಳುವವರು ಯಾರು?

ನಾನು ಏನನ್ನು ಕೇಳುತ್ತಿಲ್ಲ ಎಂಬುದನ್ನೂ ಇಲ್ಲೇ ಸ್ಪಷ್ಟಪಡಿಸುತ್ತೇನೆ. ಪತ್ರಕರ್ತರ ಮೇಲೆ ಪೊಲೀಸರ ಲಾಠಿ ಬೀಸಿ ಎನ್ನುತ್ತಿಲ್ಲ. 2024ರ ಜೂನ್‌ನಲ್ಲಿ ಪ್ರಜ್ವಲ್ ರೇವಣ್ಣ ಪ್ರಕರಣವನ್ನು ಬಿಡದೆ ತೋರಿಸುತ್ತಿದ್ದ ಪವರ್ ಟಿ.ವಿ.ಯ ಪ್ರಸಾರವನ್ನು ಪರವಾನಗಿ ನವೀಕರಣದ ಕಾರಣ ಮುಂದಿಟ್ಟು ನಿಲ್ಲಿಸಲಾಯಿತು. ಜುಲೈನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ತಡೆ ಕೊಟ್ಟು, ಇದರಲ್ಲಿ ರಾಜಕೀಯ ಹಗೆ ಕಾಣುತ್ತಿದೆ ಎಂದಿತು. 2025ರ ಜೂನ್‌ನಲ್ಲಿ ರಾಜ್ಯ ಸರ್ಕಾರದ ಸುಳ್ಳುಸುದ್ದಿ ನಿಷೇಧ ಮಸೂದೆಯ ಕರಡು ಹೊರಬಿದ್ದಾಗ, 7 ವರ್ಷದವರೆಗೆ ಜೈಲು ಎಂಬ ಅದರ ಮಾತಿಗೆ ನಾಡಿನ ಉದ್ದಗಲಕ್ಕೂ ಆಕ್ಷೇಪ ಬಂತು. ಸರಿಯಾದ ಆಕ್ಷೇಪ. ಅಧಿಕಾರದಲ್ಲಿರುವವರಿಗೆ ಒಪ್ಪದ ಸುದ್ದಿಯೆಲ್ಲ ಸುಳ್ಳುಸುದ್ದಿಯಾಗುವ ದಿನ ನಮಗೆ ಬೇಡ. ನಮಗೆ ಬೇಕಿರುವುದು ದೂರಿಗೊಂದು ಗಡುವು, ಗಡುವಿನೊಳಗೆ ಕಾರಣ ಸಹಿತ ಉತ್ತರ, ತಪ್ಪು ಸಾಬೀತಾದರೆ ತಪ್ಪು ಮಾಡಿದಷ್ಟೇ ಎದ್ದುಕಾಣುವಂತೆ ತಿದ್ದುಪಡಿ. ಇಷ್ಟೇ.

ಇದಕ್ಕೆ ಹೊಸ ಕಾನೂನಿಗಾಗಿ ಕಾಯಬೇಕಿಲ್ಲ. ಈಗಿರುವ ದಾರಿಗಳು ಜನ ನಡೆಯದೆ ಹುಲ್ಲು ಬೆಳೆದು ಮುಚ್ಚಿಹೋಗಿವೆ. ದಯವಿಟ್ಟು ಇವನ್ನು ಬರೆದಿಟ್ಟುಕೊಳ್ಳಿ.

ಟಿ.ವಿ. ಸುದ್ದಿಯ ಮೇಲೆ ದೂರು ಇದ್ದರೆ ಕಾರ್ಯಕ್ರಮದ ಹೆಸರು, ದಿನ, ಗಂಟೆ ಬರೆದುಕೊಂಡು, ಸಾಧ್ಯವಾದರೆ ತುಣುಕನ್ನು ಉಳಿಸಿಕೊಂಡು, ಒಂದು ವಾರದೊಳಗೆ ಚಾನೆಲ್‌ಗೇ ಬರೆಯಿರಿ. 2021ರ ಜೂನ್‌ನಲ್ಲಿ ತಿದ್ದುಪಡಿಯಾದ ಕೇಬಲ್ ಟಿ.ವಿ. ನಿಯಮಗಳ ಪ್ರಕಾರ ಚಾನೆಲ್ 24 ಗಂಟೆಯೊಳಗೆ ದೂರು ತಲುಪಿದೆ ಎಂದು ತಿಳಿಸಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆಯಾಗದಿದ್ದರೆ ಮುಂದಿನ 15 ದಿನದಲ್ಲಿ ಚಾನೆಲ್ ಸದಸ್ಯವಾಗಿರುವ ಸ್ವನಿಯಂತ್ರಣ ಸಂಸ್ಥೆಗೆ ಮೇಲ್ಮನವಿ. ಆ ಸಂಸ್ಥೆಗೆ 60 ದಿನದ ಗಡುವು. ಅದರ ಮೇಲೆ ಕೇಂದ್ರ ಸರ್ಕಾರದ ಹಂತವಿದೆ.

ಪತ್ರಿಕೆಯ ಮೇಲೆ ದೂರಿದ್ದರೆ ಮೊದಲು ಸಂಪಾದಕರಿಗೆ ಬರೆಯಿರಿ. ಅವರು ಕಿವಿಗೊಡದಿದ್ದರೆ ಪತ್ರಿಕಾ ಮಂಡಳಿಗೆ. ದಿನಪತ್ರಿಕೆ, ವಾರಪತ್ರಿಕೆಗಳಾದರೆ ಪ್ರಕಟವಾದ ಎರಡು ತಿಂಗಳೊಳಗೆ ದೂರು ಹೋಗಬೇಕು. ಶುಲ್ಕವಿಲ್ಲ. ಕನ್ನಡದ ತುಣುಕಿನ ಜೊತೆ ಇಂಗ್ಲಿಷ್ ಅನುವಾದ ಲಗತ್ತಿಸಬೇಕು. ಕಾಲೇಜಿನ ಹುಡುಗ ಹುಡುಗಿಯರೇ, ಮೇಷ್ಟ್ರುಗಳೇ, ವಕೀಲರೇ, ಆ ಅನುವಾದ ಮಾಡಿಕೊಡುವ ಕೆಲಸ ನಿಮ್ಮದಾಗಲಿ. ಎಷ್ಟೋ ರೈತರ, ಕಾರ್ಮಿಕರ ದೂರು ಈ ಒಂದು ಹೊಸ್ತಿಲಲ್ಲೇ ನಿಂತುಬಿಡುತ್ತದೆ.

ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಕೇಳಬೇಕಾದದ್ದು ಇನ್ನೊಂದಿದೆ. ಕೇಬಲ್ ಟಿ.ವಿ. ಪ್ರಸಾರದ ಮೇಲೆ ಕಣ್ಣಿಡಲು ಪ್ರತಿ ಜಿಲ್ಲೆಯಲ್ಲೂ ಸಮಿತಿ ಇರಬೇಕೆಂದು ಕೇಂದ್ರ ಸರ್ಕಾರ 2008ರಲ್ಲೇ ಆದೇಶ ಮಾಡಿದೆ. ಜಿಲ್ಲಾ ದಂಡಾಧಿಕಾರಿ ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ, ವಾರ್ತಾ ಇಲಾಖೆಯ ಅಧಿಕಾರಿ, ಮಹಿಳಾ ಕಾಲೇಜಿನ ಪ್ರಾಂಶುಪಾಲರು, ಸ್ವಯಂಸೇವಾ ಸಂಸ್ಥೆಗಳ ಪ್ರತಿನಿಧಿಗಳು ಅದರಲ್ಲಿರಬೇಕು. ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ ಎಂದಾಗಿದೆ, ಜಿಲ್ಲೆ ಹುಟ್ಟಿದ್ದು 2007ರಲ್ಲಿ. ಈ ವರ್ಷಗಳಲ್ಲಿ ಆ ಸಮಿತಿ ಎಷ್ಟು ಸಲ ಸೇರಿದೆ, ಯಾವ ದೂರು ತೆಗೆದುಕೊಂಡಿದೆ, ಈಗಿನ ಸದಸ್ಯರು ಯಾರು? 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ಉತ್ತರಕ್ಕೆ 30 ದಿನ. ನಾಲ್ಕು ತಾಲ್ಲೂಕಿನಿಂದ ನಾಲ್ಕು ಅರ್ಜಿ ಹೋದರೆ ಸಾಕು, ಆ ಕಡತದ ಮೇಲಿನ ಧೂಳು ಕೊಡವಲೇಬೇಕಾಗುತ್ತದೆ.

ಚುನಾವಣೆಯ ವಿಷಯದಲ್ಲಿ ನಮ್ಮ ಜಿಲ್ಲೆ ಸಾಮಾನ್ಯವಲ್ಲ. ಕೆಂಗಲ್ ಹನುಮಂತಯ್ಯನವರ ನೆಲ ಇದು. ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾಗಿ 1983ರಲ್ಲಿ ವಿಧಾನಸಭೆಗೆ ಗೆದ್ದು ಬಂದದ್ದು ಕನಕಪುರದಿಂದ, ದೇವೇಗೌಡರು ಮುಖ್ಯಮಂತ್ರಿಯಾದಾಗ ರಾಮನಗರದ ಶಾಸಕರು. 2024ರ ಏಪ್ರಿಲ್‌ನ ಲೋಕಸಭಾ ಚುನಾವಣೆ, ನವೆಂಬರ್ 13ರ ಚನ್ನಪಟ್ಟಣ ಉಪಚುನಾವಣೆ ಎರಡರಲ್ಲೂ ಇಲ್ಲಿನ ರಸ್ತೆಗಳ ತುಂಬ ಕ್ಯಾಮೆರಾಗಳಿದ್ದವು. ಇಷ್ಟು ದೊಡ್ಡ ಕಣಗಳು ಇರುವಲ್ಲಿ ಕಾಸಿನ ಸುದ್ದಿಯ ಆಸೆಯೂ ದೊಡ್ಡದಿರುತ್ತದೆ. ಒಬ್ಬ ಅಭ್ಯರ್ಥಿಯ ಹೊಗಳಿಕೆ ಎರಡು ಮೂರು ಪತ್ರಿಕೆಗಳಲ್ಲಿ ಅಕ್ಷರವೂ ಬದಲಾಗದೆ ಬಂದರೆ, ಜಾಹೀರಾತು ಎಂಬ ಗುರುತಿಲ್ಲದೆ ಅರ್ಧ ಪುಟ ತುಂಬಿದರೆ, ಕತ್ತರಿಸಿ ಇಟ್ಟುಕೊಂಡು ಜಿಲ್ಲಾ ಮಾಧ್ಯಮ ಪ್ರಮಾಣೀಕರಣ ಮತ್ತು ಉಸ್ತುವಾರಿ ಸಮಿತಿಗೆ ಕೊಡಿ. ಜಿಲ್ಲಾ ಚುನಾವಣಾಧಿಕಾರಿಯೇ ಅದರ ಮುಖ್ಯಸ್ಥರು. ಆಯೋಗದ ಸೂಚನೆಯಂತೆ 96 ಗಂಟೆಯೊಳಗೆ ಅಭ್ಯರ್ಥಿಗೆ ನೋಟಿಸ್ ಹೋಗಬೇಕು, 48 ಗಂಟೆಯಲ್ಲಿ ಅಭ್ಯರ್ಥಿ ಉತ್ತರಿಸಬೇಕು. ಸಾಬೀತಾದರೆ ಆ ಖರ್ಚು ಅವರ ಚುನಾವಣಾ ವೆಚ್ಚಕ್ಕೆ ಸೇರುತ್ತದೆ. ಉತ್ತರ ಪ್ರದೇಶದ ಶಾಸಕಿ ಉಮ್ಲೇಶ್ ಯಾದವ್ ಇಂಥದ್ದೇ ಖರ್ಚನ್ನು ಮುಚ್ಚಿಟ್ಟದ್ದಕ್ಕೆ 2011ರಲ್ಲಿ ಮೂರು ವರ್ಷ ಅನರ್ಹರಾದರು. ಅದನ್ನು ಪತ್ತೆ ಹಚ್ಚಿಸಿದ್ದು ಸೋತ ಅಭ್ಯರ್ಥಿ ಕೊಟ್ಟ ದೂರು.

ಪೊಲೀಸರಲ್ಲಿ ಪ್ರಕರಣ ದಾಖಲಾಗಿದ್ದರೆ ಅಲ್ಲಿಗೆ ಕೈಕಟ್ಟಿ ಕೂರಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193ನೇ ಸೆಕ್ಷನ್ ಪ್ರಕಾರ, ತನಿಖೆ ಎಲ್ಲಿಗೆ ಬಂತು ಎಂಬುದನ್ನು 90 ದಿನದೊಳಗೆ ದೂರುದಾರರಿಗೆ ಪೊಲೀಸರೇ ತಿಳಿಸಬೇಕು. ತಿಳಿಸದಿದ್ದರೆ ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆದುಕೊಳ್ಳಿ.

ಒಂದು ಎಚ್ಚರಿಕೆಯ ಮಾತೂ ಇದೆ. ನಿಮ್ಮ ಸಿಟ್ಟನ್ನು ತಾಲ್ಲೂಕಿನ ವರದಿಗಾರರ ಮೇಲೆ ತೀರಿಸಿಕೊಳ್ಳಬೇಡಿ. ಅವರಲ್ಲಿ ಎಷ್ಟೋ ಮಂದಿಗೆ ಕಾಯಂ ಸಂಬಳವಿಲ್ಲ, ಸುದ್ದಿಯ ಜೊತೆಗೆ ಜಾಹೀರಾತು ತರುವ ಹೊರೆಯೂ ಅವರದೇ. ಕಲ್ಲು ಗಣಿ, ಕೆರೆ ಒತ್ತುವರಿ, ಭೂಸ್ವಾಧೀನದ ಬಗ್ಗೆ ಎದುರು ಹಾಕಿಕೊಂಡು ಬರೆದವರಿಗೆ ಬರುವ ಬೆದರಿಕೆ ಮಾಲೀಕರ ಮನೆ ಬಾಗಿಲಿಗೆ ಹೋಗುವುದಿಲ್ಲ. ಬಿಡದಿ ಉಪನಗರ ಯೋಜನೆಗೆ ಭೂಮಿ ಬಿಡಲಾರೆವೆಂದು ಬೈರಮಂಗಲ ಭಾಗದ ರೈತರು ಬೀದಿಗಿಳಿದಾಗ ಅವರ ಮಾತನ್ನು ಹೊತ್ತು ತರುವವರೂ ಇಂಥ ವರದಿಗಾರರೇ. ಅವರು ಸರಿಯಾಗಿ ಬರೆದಾಗ ಒಂದು ಫೋನ್ ಮಾಡಿ ಒಳ್ಳೆಯದಾಯಿತು ಎನ್ನಿ. ದೂರು ಮಾತ್ರ ಸಂಸ್ಥೆಯ ಹೆಸರಿಗೆ, ಸಂಪಾದಕರ ಹೆಸರಿಗೆ ಹೋಗಲಿ.

ನಮ್ಮ ಶಾಸಕರು, ಸಂಸದರು ಯಾವ ಪಕ್ಷದವರೇ ಇರಲಿ, ಅವರಿಗೂ ಒಂದು ಕೋರಿಕೆ. ವಿರೋಧ ಪಕ್ಷದಲ್ಲಿದ್ದಾಗ ನೀವು ಕೇಳಿದ ತನಿಖೆ, ಅಧಿಕಾರಕ್ಕೆ ಬಂದ ಮೇಲೆ ಏನಾಯಿತೆಂದು ಸದನದಲ್ಲಿ ಕೇಳಿ. 2022ರ ದೀಪಾವಳಿಯ ದೂರಿನ ಸ್ಥಿತಿಗತಿಯನ್ನು ಒಂದು ಪುಟದಲ್ಲಿ ಜನರ ಮುಂದಿಡಿ. ಕಾಸಿನ ಸುದ್ದಿಯನ್ನು ಅಪರಾಧವಾಗಿಸುವ ಶಿಫಾರಸಿನ ಬಗ್ಗೆ ನಿಮ್ಮ ನಿಲುವೇನೆಂದು ಬಹಿರಂಗವಾಗಿ ಹೇಳಿ. ಸರ್ಕಾರದ ಜಾಹೀರಾತು ಯಾವ ಸಂಸ್ಥೆಗೆ ಎಷ್ಟು ಹೋಯಿತೆಂಬ ಲೆಕ್ಕವನ್ನು ಪ್ರತಿ ವರ್ಷ ಕೇಳದೆಯೇ ಪ್ರಕಟಿಸುವಂತೆ ಮಾಡಿ.

ಓದುಗರೇ, ನೋಡುಗರೇ, ತನಿಖೆಗಳು ತಾವಾಗಿಯೇ ಸಾಯುವುದಿಲ್ಲ. ಕೇಳುವವರು ಸುಮ್ಮನಾದ ದಿನ ಅವು ಸಾಯುತ್ತವೆ. 2020ರಲ್ಲಿ ಕೆಲವೇ ಜನ ಬರೆದು, ದಾಖಲೆ ಜೋಡಿಸಿ, ವರ್ಷ ದಾಟಿದರೂ ಬಿಡದೆ ಕೇಳಿದ್ದರಿಂದ ಎರಡು ದೊಡ್ಡ ಕನ್ನಡ ಚಾನೆಲ್ಲುಗಳು ದಂಡ ತೆತ್ತವು. ನಿಮ್ಮ ಊರಿನ ಗ್ರಂಥಾಲಯದಲ್ಲೋ, ಸಂಘದ ಕಚೇರಿಯಲ್ಲೋ ಐದಾರು ಜನ ಸೇರಿ ಒಂದು ನೋಟ್‌ಪುಸ್ತಕ ಇಡಿ. ದೂರು ಕೊಟ್ಟ ದಿನ, ಗಡುವಿನ ದಿನ, ಬಂದ ಉತ್ತರ ಮೂರನ್ನೂ ಅದರಲ್ಲಿ ಬರೆಯುತ್ತ ಹೋಗಿ. ಗಡುವು ಮೀರಿದ ಮರುದಿನವೇ ಮುಂದಿನ ಪತ್ರ ಹೋಗಲಿ. ಮೊದಲ ಪತ್ರವನ್ನು ಈ ವಾರವೇ ಜಿಲ್ಲಾಧಿಕಾರಿಗಳಿಗೆ ಬರೆಯಿರಿ: ನಮ್ಮ ಜಿಲ್ಲೆಯ ಕೇಬಲ್ ಟಿ.ವಿ. ಉಸ್ತುವಾರಿ ಸಮಿತಿ ಎಲ್ಲಿದೆ, ಕಡೆಯ ಸಭೆ ಯಾವಾಗ ನಡೆಯಿತು, ನಮ್ಮ ದೂರನ್ನು ಯಾರ ಕೈಗೆ ಕೊಡಬೇಕು?